ಶಾಂತಪ್ಪನ ಸ್ತೋತ್ರ

ನಮ್ಮ ಯಜಮಾನರನ್ನು ಮಣ್ಣು ಮಾಡಿದ ದಿನ ನಾನು ನಕ್ಕುಬಿಟ್ಟೆ.

ಶಿರಾದ ಕ್ರೈಸ್ತ ಸಭೆಗೆ ಹೊಸದಾಗಿ ಪಾದ್ರಿಯಾಗಿ ಬಂದಿದ್ದ ಅಯ್ಯನವರು ಗುಂಡಿಯ ಪಕ್ಕ ನಿಂತು, “ನಮ್ಮ ಸಹೋದರ ಶಾಂತಪ್ಪನವರ ಬಾಯಿಂದ ಒಂದು ಕಟುವಾದ ಮಾತು ಬಂದದ್ದನ್ನು ಯಾರೂ ಕೇಳಿರಲಾರರು” ಎಂದರು. ನನ್ನ ಪಕ್ಕದಲ್ಲಿ ಭಾವ ಮಾರಣ್ಣ ನಿಂತಿದ್ದರು. ನಮ್ಮ ಯಜಮಾನರ ಒಡಹುಟ್ಟಿದ ಅಣ್ಣ. ಅವರು ನಮ್ಮ ಸಭೆಯವರಲ್ಲ, ಹಳೆಯ ನಡಾವಳಿಯವರೇ. ಅವರು ಬಗ್ಗಿ ಮೆಲ್ಲಗೆ, “ಗಿರಿಯಮ್ಮ, ಇವ್ರು ಯಾರ್ನ ಮಣ್ ಮಾಡ್ತಾವ್ರೆ? ನಾವು ಬ್ಯಾರೆಯವ್ರ ಗುಂಡಿತಾವ ಬಂದ್ಬುಟ್ಟಿದೀವಾ?” ಅಂದರು.

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಭುಜ ಕುಣಿಯುತ್ತಿತ್ತು. ಪಾಪ, ಎಷ್ಟು ಅಳುತ್ತಾಳೆ ಅಂತ ಹೆಂಗಸರು ಬೆನ್ನು ಸವರಿದರು. ಅಳುವೂ ಇತ್ತು. ಎರಡೂ ಒಟ್ಟಿಗೇ ಬಂತು.

ಆ ಅಯ್ಯನವರ ತಪ್ಪಲ್ಲ. ಅವರು ಬಂದು ಇನ್ನೂ ವರ್ಷ ತುಂಬಿಲ್ಲ. ಸಭೆಯ ವಾರ್ಷಿಕ ಪುಸ್ತಕಕ್ಕೆ ನಿಮ್ಮ ಯಜಮಾನರ ವಿಷಯ ಬರೆದುಕೊಡಿ ಅಂತ ಅವರೇ ಕೇಳಿದ್ದಾರೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ಯಾರಾದರೂ ತಿದ್ದಿಕೊಳ್ಳಲಿ. ಸಂಗತಿಯನ್ನು ತಿದ್ದಬಾರದು.

ಅವರ ಹುಟ್ಟು ಹೆಸರು ಮುದ್ದಪ್ಪ. ಶಾಂತಪ್ಪ ಅಂತ ಇಟ್ಟವರು ಹಿಂದಿನ ಅಯ್ಯನವರು, ಜ್ಞಾನಪ್ಪನವರು. ಎರಡು ಹೆಸರಲ್ಲಿ ಒಂದೂ ಅವರಿಗೆ ಒಪ್ಪುತ್ತಿರಲಿಲ್ಲ.

ನಮ್ಮದು ಮದಲೂರು ಕೆರೆಯ ಆಚೆಗಿರುವ ಹಟ್ಟಿ. ಕುರಿ ಸಾಕುವುದು ನಮ್ಮ ಕಸುಬು. ಇವರು ಏರಿಯ ಮೇಲೆ ಕುರಿ ಹೊಡೆದುಕೊಂಡು ಬರುತ್ತಿದ್ದರೆ ಹೆಂಗಸರು ಮಕ್ಕಳನ್ನು ಒಳಕ್ಕೆ ಕರೆದುಕೊಳ್ಳುತ್ತಿದ್ದರು. ಅಂಥ ಬಾಯಿ. ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಸಭೆಯ ಪುಸ್ತಕದಲ್ಲಿ ಅಚ್ಚಾಗುವಂಥವಲ್ಲ. ಮುಂದೆ ಓಡಿದ ಕುರಿಗೆ ಒಂದು ಬೈಗುಳ, ಹಿಂದುಳಿದದ್ದಕ್ಕೆ ಒಂದು, ಬೇಲಿಗೆ ಬಾಯಿ ಹಾಕಿದ್ದಕ್ಕೆ ಅದರ ಅವ್ವ ಅಜ್ಜಿಯನ್ನೆಲ್ಲ ಸೇರಿಸಿ ಇನ್ನೊಂದು. ಕುರಿಗಳಿಗೆ ಅದು ಬೈಗುಳ ಅಂತ ಏನು ಗೊತ್ತು? ಒಂದನ್ನು ಕೇಳಿದರೆ ತಿರುಗುತ್ತಿದ್ದವು, ಒಂದನ್ನು ಕೇಳಿದರೆ ನಿಲ್ಲುತ್ತಿದ್ದವು. ಮರಿಯಿಂದ ಕೇಳಿ ಬೆಳೆದವು.

ಶಿರಾದಿಂದ ಟಗರು ಕೊಳ್ಳಲು ಬರುತ್ತಿದ್ದ ಇಮಾಮ್ ಸಾಬರು, “ಮುದ್ದಪ್ಪ, ನಿನ್ ಆವಾಜು ನಾನು ಬಸ್ಸಲ್ಲಿದ್ದಾಗ್ಲೇ ಕೇಳುಸ್ತು. ಎದುರಿಗೆ ಲಾರಿ ಬಂತೇನೋ ಅಂತ ಡ್ರೈವರ್ ಸೈಡ್‌ಗೆ ತಗಂಡ” ಅಂತ ರೇಗಿಸುತ್ತಿದ್ದರು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಇವರು ಬಂಡೆಯಿಂದ ಜಾರಿ ಕಾಲು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಸಂಜೆ ಹೊತ್ತು ಒಬ್ಬ ಮುದುಕಿ ಮಂಚದಿಂದ ಮಂಚಕ್ಕೆ ಹೋಗಿ ಯೇಸುವಿನ ಕತೆ ಹೇಳುತ್ತಿದ್ದಳು. ಒಂದು ದಿನ ಕಳೆದುಹೋದ ಕುರಿಯ ಕತೆ ಹೇಳಿದಳು. ಕುರಿಗಾರ ಮಿಕ್ಕ ಕುರಿಗಳನ್ನೆಲ್ಲ ಕಾಡಲ್ಲೇ ಬಿಟ್ಟು, ತಪ್ಪಿಸಿಕೊಂಡ ಒಂದನ್ನು ಹುಡುಕಿಕೊಂಡು ಹೋದ ಅಂದಳು.

“ಮಿಕ್ಕಿದ್ದನ್ನ ತೋಳದ ಬಾಯಿಗೆ ಬುಟ್ಟು ಹೋದ್ನಾ?” ಇವರು ಮಂಚದ ಮೇಲಿಂದ ಕೂಗಿದರು. “ಅವ್ನ್ಯಾವ ಸೀಮೆ ಕುರಿಗಾರ್ನಮ್ಮ? ಕುರಿ ಕಂಡಿದ್ನಾ ಇಲ್ವಾ?”

ಮುದುಕಿ ನಕ್ಕು, “ಕಂಡಿದ್ದ ಕಣಪ್ಪ, ನೀನೂ ಕಂಡಿದ್ದೀಯಲ್ಲ, ಯೋಚನೆ ಮಾಡು” ಅಂದು ಮುಂದಿನ ಮಂಚಕ್ಕೆ ಹೋದಳು.

ಕಾಲು ಕೂಡಿ ಮನೆಗೆ ಬಂದ ಮೇಲೆ ಒಂದು ಸಂಜೆ ಒಂದು ಮರಿ ಕಡಿಮೆ ಬಂತು. ಇವರು ಹಿಂದೆಮುಂದೆ ನೋಡಲಿಲ್ಲ. ಮಂದೆಯನ್ನು ಹಳ್ಳದಲ್ಲೇ ಬಿಟ್ಟು ಕುಂಟುತ್ತಾ ಗುಡ್ಡ ಹತ್ತಿದರು. ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಬಾಗಿಲಲ್ಲಿ ನಿಂತು, “ಗಿರಿಯಮ್ಮ, ನಾನೂ ಬುಟ್ಟು ಹೋದ್ನಲ್ಲೇ. ಅವ್ನಿಗೂ ಇಂಗೇ ಆಗಿರ್ಬೇಕು” ಅಂದರು. ಅದಾದ ಮೇಲೆ ಭಾನುವಾರ ಭಾನುವಾರ ಶಿರಾದ ಸಭೆಗೆ ಹೋಗಿ, ಎಲ್ಲರ ಜೊತೆ ‘ಸ್ತೋತ್ರ’ ಅಂತ ದೇವರನ್ನು ಕೊಂಡಾಡತೊಡಗಿದರು. ನಾನೂ ಹೋದೆ.

ದೀಕ್ಷಾಸ್ನಾನ ಆದದ್ದು ಮದಲೂರು ಕೆರೆಯಲ್ಲೇ. ನೋಡಲು ಹಟ್ಟಿಯವರೆಲ್ಲ ಏರಿಯ ಮೇಲೆ ಕೂತಿದ್ದರು. ಮಾರಣ್ಣ ಭಾವನ ಹೆಂಡತಿ ಕರಿಯಕ್ಕ, “ಕುರಿ ತೊಳ್ಯೋ ಕೆರೇಲೇ ಮೈದುನಾನೂ ತೊಳೆದ್ರು. ಇನ್ನ ತುಪ್ಪಟ ಕತ್ರಿಸೋದೊಂದು ಬಾಕಿ” ಅಂದಳು. ಜ್ಞಾನಪ್ಪನವರಿಗೂ ಕೇಳಿಸಿತು. ಅವರೂ ನೀರಲ್ಲಿ ನಿಂತೇ ನಕ್ಕರು. ಭಾವ ಮಾತ್ರ ನಗಲಿಲ್ಲ. “ನಿನ್ ದೇವ್ರು ನಿಂಗೆ. ರೊಪ್ಪ ಮಾತ್ರ ಒಂದೇ ಇರ್ಲಿ ಕಣ್ಲಾ” ಅಂದರು. ಇಬ್ಬರ ಕುರಿಯೂ ಒಂದೇ ರೊಪ್ಪದಲ್ಲಿ ಮಲಗುತ್ತಿದ್ದವು.

ಇನ್ನು ಬೈಯುವುದಿಲ್ಲ ಅಂತ ಇವರು ಕೆರೆಯಲ್ಲೇ ಮಾತು ಕೊಟ್ಟಿದ್ದರು. ಮಾರನೆಯ ದಿನ ಕುರಿಗಳ ಮುಂದೆ ನಿಂತು, “ನಡೀರಮ್ಮ” ಅಂದರು. ಕುರಿಗಳು ಯಾರೋ ನೆಂಟರನ್ನು ನೋಡುವ ಹಾಗೆ ನೋಡಿದವು. “ನಡೀರಮ್ಮ, ಹೊತ್ತಾಯ್ತು” ಅಂದರು. ಒಂದೂ ಅಲುಗಲಿಲ್ಲ. ಕೋಲು ತಟ್ಟಿ ಹೇಗೋ ಹೊರಡಿಸಿದರೆ ನೇರವಾಗಿ ಪರ್ವತಯ್ಯನ ಕಡಲೆಕಾಯಿ ಹೊಲಕ್ಕೆ ನುಗ್ಗಿದವು. ಇವರು ಬದುವಿನ ಮೇಲೆ ನಿಂತು, “ಬ್ಯಾಡ್ರಮ್ಮ, ಬರ್ರಮ್ಮ” ಅನ್ನುತ್ತಿದ್ದಾರೆ. ಪರ್ವತಯ್ಯ ಪಂಚೆ ಎತ್ತಿಕೊಂಡು ಓಡಿಬಂದ.

“ಬಯ್ಯೋ ಮುದ್ದಪ್ಪ! ದೇವ್ರು ಇದೊಂದ್ ಸಲ ಕ್ಷಮಿಸ್ತಾನೆ, ನನ್ ಕಡ್ಲೆಕಾಯಾದ್ರೂ ಉಳೀಲಿ, ಬಯ್ಯೋ!”

ಇವರ ಮುಖ ಕೆಂಪಾಯಿತು. ಗಂಟಲಿಗೆ ಬಂದದ್ದನ್ನು ನುಂಗಿದರು. ಅದು ಮತ್ತೆ ಮೇಲಕ್ಕೆ ಬಂತು. ಬಾಯಿ ತೆರೆದು, “ಸ್ತೋತ್ರ!” ಅಂತ ಕಿರುಚಿದರು.

ಕುರಿಗಳೆಲ್ಲ ಒಂದೇ ನೆಗೆತಕ್ಕೆ ಹೊಲದಿಂದ ಆಚೆ ಬಂದವು.

ಇವರಿಗೆ ಎಲ್ಲಿಲ್ಲದ ಸಂತೋಷ. ದಾರಿ ಸಿಕ್ಕಿತು ಅಂದುಕೊಂಡರು. ಅವತ್ತಿಂದ ಎಲ್ಲದಕ್ಕೂ ಸ್ತೋತ್ರ. ಮುಂದೆ ಓಡಿದ ಕುರಿಗೆ ಚಿಕ್ಕ ಸ್ತೋತ್ರ, ಬೇಲಿ ಮುರಿದದ್ದಕ್ಕೆ ಉದ್ದನೆಯ ಸ್ತೋತ್ರ. ಯಾವ ಸ್ತೋತ್ರದ ಒಳಗೆ ಯಾವ ಬೈಗುಳ ಕೂತಿದೆ ಅಂತ ಹಟ್ಟಿಯವರಿಗೆಲ್ಲ ಗೊತ್ತಾಗುತ್ತಿತ್ತು. ಸಾರಿಗೆ ಉಪ್ಪು ಜಾಸ್ತಿಯಾದರೆ ನನಗೂ ಒಂದು ಬರುತ್ತಿತ್ತು.

“ಬೈಯ್ಯೋದಾದ್ರೆ ಬಾಯ್ತುಂಬ ಬೈದ್ಬುಡು. ದೇವ್ರನ್ನ ಯಾಕೆ ಉಪ್ಪಿನ ವಿಚಾರಕ್ಕೆ ಎಳೀತೀಯ?” ಅಂತ ನಾನು ಕೇಳಿದೆ.

“ನಾನೇನೆ ಬೈದೆ? ಸ್ತೋತ್ರ ಅಂದೆ” ಅಂತ ಮುಖ ಸಪ್ಪಗೆ ಮಾಡಿದರು. ಅವರು ನಿಜವಾಗಿಯೂ ಗೆದ್ದೆ ಅಂತಲೇ ತಿಳಿದಿದ್ದರು.

ಎಪ್ಪತ್ತೇಳರಲ್ಲಿ ದೀಪಾವಳಿ ಕಳೆದ ಮೇಲೆ ಕುರಿಯ ಮೈಮೇಲಿನ ತುಪ್ಪಟ ಕತ್ತರಿಸುವ ಕೆಲಸ ಬಂತು. ನಮ್ಮಲ್ಲಿ ಅದು ಮುಯ್ಯಾಳಿನ ಕೆಲಸ. ಇವತ್ತು ನಿಮ್ಮ ಕುರಿಗೆ ನಾವು ಕತ್ತರಿ ಹಿಡಿದರೆ ನಾಳೆ ನಮ್ಮ ಕುರಿಗೆ ನೀವು. ಕುರಿಗಳನ್ನು ಕೆರೆಯಲ್ಲಿ ತೊಳೆದು ಒಣಗಿಸಿ ರೊಪ್ಪಕ್ಕೆ ಕೂಡಿರುತ್ತಾರೆ. ಮನೆಗೆ ಹಿರಿಯನಾದವನು ಕತ್ತರಿಗಳಿಗೆಲ್ಲ ಮನೆದೇವರ ಅರಿಸಿನದ ಭಂಡಾರ ಹಚ್ಚಿ ಪೂಜೆ ಮಾಡುತ್ತಾನೆ. ತಮ್ಮನಾದವನು ಹಣೆಗೆ ಭಂಡಾರ ಇಟ್ಟುಕೊಂಡು ಮೊದಲ ಕುರಿ ಹಿಡಿಯುತ್ತಾನೆ. ಇವರು, “ಕುರಿ ಹಿಡೀತೀನಿ ಅಣ್ಣಯ್ಯ, ಭಂಡಾರ ಬ್ಯಾಡ” ಅಂದರು.

ಅಷ್ಟು ಜನರ ಮುಂದೆ ಭಾವನಿಗೆ ಅವಮಾನ ಆಯಿತು. “ಕುರಿ ಹಿಡಿಯೋಕಾದ್ರೂ ನಿಮ್ ದೇವ್ರು ಬುಡ್ತಾನಾ, ಇಲ್ಲ ಪಾದ್ರಿತಾವ ಚೀಟಿ ಬರ್ಸ್ಕಂಡ್ ಬರ್ಬೇಕಾ?” ಅಂದರು. ಎಲ್ಲರೂ ನಕ್ಕರು.

ಇವರು ಧಡಾರನೆ ಎದ್ದರು. “ಸ್ತೋತ್ರ ಕಣ್ಲಾ ನಿಂಗೆ!” ಅಂತ ಕಿರುಚಿದರು. ಅಣ್ಣನಿಗೆ ‘ಲಾ’ ಅಂದರು. ರೊಪ್ಪದ ಒಳಗಿದ್ದ ಕುರಿಗಳೆಲ್ಲ ಒಟ್ಟಿಗೆ ಬಾಗಿಲಿನ ಕಡೆ ತಿರುಗಿದವು.

ಭಾವ ಕತ್ತರಿಯನ್ನು ಕೆಳಗಿಟ್ಟರು.

“ಹಳೇ ಬೈಗುಳಾನೇ ಬೈಯ್ಬೇಕಿತ್ತು ಕಣ್ಲಾ,” ಅಂದರು. “ಚಿಕ್ಕೋನಾಗಿದ್ದಾಗಿಂದ ಕೇಳಿದೀನಿ, ಅದು ನನ್ ಮೈಗೆ ಅಂಟ್ತಿರ್ಲಿಲ್ಲ. ನಿಮ್ ದೇವ್ರ ಹೆಸ್ರು ತಗಂಡು ಬೈದ್ಯಲ್ಲೋ. ನಾನು ಆವಪ್ಪನಿಗೆ ಏನ್ಲಾ ಮಾಡಿದ್ದೆ?”

ಆ ಮಾತು ಇವರಿಗೆ ನಾಟಿತು. ಮುಯ್ಯಾಳು ನಿಂತಿತು. ರೊಪ್ಪ ಎರಡಾಯಿತು. ನಮ್ಮ ಕುರಿಗಳಿಗೆ ನಾವೇ ಗಂಡ ಹೆಂಡತಿ ಕತ್ತರಿ ಹಿಡಿದೆವು. ಕೈಯೆಲ್ಲ ಬೊಕ್ಕೆ.

ಮುಂದಿನ ಭಾನುವಾರ ಸಭೆಯಲ್ಲಿ, ಯೇಸುವಿನ ನೆನಪಿಗೆ ರೊಟ್ಟಿಯನ್ನೂ ಬಟ್ಟಲನ್ನೂ ಹಂಚುವ ಕರ್ತನ ಭೋಜನ ಇತ್ತು. ರೊಟ್ಟಿಯ ತಟ್ಟೆ ಇವರ ಹತ್ತಿರ ಬರುವಷ್ಟರಲ್ಲಿ ಎದ್ದು ಆಚೆ ಹೋಗಿಬಿಟ್ಟರು. ಆರಾಧನೆ ಮುಗಿದ ಮೇಲೆ ಜ್ಞಾನಪ್ಪನವರು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಎಲ್ಲ ಕೇಳಿದರು. ಕಡಲೆಕಾಯಿ ಹೊಲದ ಸಂಗತಿಗೆ ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕನ್ನಡಕ ಒರೆಸಿಕೊಂಡರು.

“ಶಾಂತಪ್ಪ, ಕುರಿಗಳು ನಿನ್ನ ಮಾತು ಕೇಳಿ ತಿರುಗಲಿಲ್ಲ, ದನಿ ಕೇಳಿ ತಿರುಗಿದವು. ಮಾತು ತೊಳೆದೆ. ದನಿ ಹಾಗೇ ಉಳಿಯಿತು. ದೇವರೂ ದನಿಯನ್ನೇ ಕೇಳುತ್ತಾನೆ. ಆದರೂ ಊಟಕ್ಕೆ ಬಾ. ಆ ಊಟ ಇರುವುದೇ ನಮ್ಮಂಥ ಪಾಪಿಗಳಿಗೆ.”

“ಇದೇ ಬಾಯಲ್ಲೇ ಅಲ್ವಾ ಅಯ್ನೋರೆ ಕುಡಿಯೋದು? ಇದೇ ಬಾಯಲ್ಲಿ ಅಣ್ಣನ್ನ ಅಂದೆ. ಅಣ್ಣ ನನ್ ಕೂಡೆ ಮಾತಾಡೋವರ್ಗೂ ನಾನು ಆ ಬಟ್ಲು ಮುಟ್ಟಾಕಿಲ್ಲ” ಅಂದರು. ಅಯ್ಯನವರು ಏನು ಹೇಳಿದರೂ ಕೇಳಲಿಲ್ಲ. ಹಟಮಾರಿ.

ಅಲ್ಲಿಂದ ವರ್ಷಗಟ್ಟಲೆ ಹೀಗೇ. ತಟ್ಟೆ ಬರುವ ಹೊತ್ತಿಗೆ ಇವರು ಬೇವಿನ ಮರದ ಕೆಳಗೆ. ಬಾಯಿ ಕಟ್ಟಲು ಏನೇನೋ ಮಾಡಿದರು. ಬೇವಿನಕಡ್ಡಿ ಕಚ್ಚಿಕೊಂಡೇ ಕುರಿ ಹೊಡೆದರು. ಕೋಪ ಬಂದಾಗ ಕಡ್ಡಿ ಮುರಿದು ಅರ್ಧ ಹೊಟ್ಟೆಗೆ ಹೋಯಿತು. ಹೊತ್ತು ಮುಳುಗುವ ಮೊದಲೇ ಸಮಾಧಾನ ಮಾಡಿಕೊಳ್ಳಬೇಕು ಅಂತ ಅಯ್ಯನವರು ಹೇಳಿದ್ದರು. ಹೊತ್ತು ಇಳಿಯುತ್ತಿದ್ದ ಹಾಗೆ ಅವತ್ತು ಬೈದವರ ಮನೆಗೆ ಓಡುತ್ತಿದ್ದರು. ಹಟ್ಟಿಯವರಿಗೆ ಅಭ್ಯಾಸವಾಗಿ, ಇವರು ಬಾಗಿಲಿಗೆ ಬಂದರೆ, “ಆಯ್ತು ಬುಡು ಮುದ್ದಪ್ಪ, ಕ್ಷಮಿಸಿದೀನಿ, ಕಾಪಿ ಕುಡ್ಕಂಡ್ ಹೋಗು” ಅನ್ನುತ್ತಿದ್ದರು.

ಒಂದು ಸಲ ಗೊಬ್ಬರಕ್ಕೆ ಅಂತ ಹೊಲದಲ್ಲಿ ಮಂದೆ ನಿಲ್ಲಿಸಲು ದೊಡ್ಡೇರಿ ಕಡೆ ಹೋಗಿದ್ದಾಗ ಒಬ್ಬ ಹೊಲದವನನ್ನು ಯಾವಾಗಲೋ ಬೈದದ್ದು ನೆನಪಾಯಿತಂತೆ. ಹುಡುಕಿಕೊಂಡು ಹೋಗಿ ಕೈಮುಗಿದರು. ಆತ ಪೂರಾ ಮರೆತಿದ್ದ. ಏನಂತ ಬೈದಿದ್ದೆ ಅಂತ ಕೇಳಿದ. ಇವರು ಇದ್ದದ್ದು ಇದ್ದ ಹಾಗೆ ಹೇಳಿದರು. ಆತ ಗುದ್ದಲಿ ಹಿಡಿದು ಅಟ್ಟಿಸಿಕೊಂಡು ಬಂದ.

ಎಲ್ಲರಲ್ಲಿ ಕೇಳಿದರೂ ಅಣ್ಣನಲ್ಲಿ ಕೇಳುವುದು ಮಾತ್ರ ಆಗಲಿಲ್ಲ. ಹೋಗುತ್ತಿದ್ದರು. “ಅಣ್ಣಯ್ಯ, ತಪ್ಪಾಯ್ತು” ಅನ್ನುತ್ತಿದ್ದರು. ಆಮೇಲೆ ಸುಮ್ಮನಿರಲಾಗದೆ, “ಆದ್ರೆ ನೀನು ಮೊದ್ಲು ಅಂದಿದ್ದು” ಅನ್ನುತ್ತಿದ್ದರು. ಅಲ್ಲಿಗೆ ಮತ್ತೆ ಶುರು. ಭಾವ ಒಳಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕರಿಯಕ್ಕ ಒಂದು ದಿನ, “ಮೈದುನ, ನೀನು ಕ್ಷಮೆ ಕೇಳಾಕ್ ಬತ್ತೀಯೋ, ವಸೂಲಿಗ್ ಬತ್ತೀಯೋ?” ಅಂತ ಕೇಳಿಯೇಬಿಟ್ಟಳು.

ಎಂಬತ್ತೊಂದರಲ್ಲಿ ಮತ್ತೆ ಕುರಿ ತೊಳೆಯುವ ಕಾಲ ಬಂತು. ನಾವು ಕೆರೆಯ ಈ ಕಡೆ ತೊಳೆಯುತ್ತಿದ್ದೆವು, ಭಾವನವರು ಆ ಕಡೆ. ಯಾವುದೋ ನಾಯಿ ನುಗ್ಗಿತು. ಎರಡು ಮಂದೆಯೂ ಬೆದರಿ ಏರಿಯ ಮೇಲೆ ಕಲಸಿಹೋದವು. ಬೇರೆಯವರ ಕುರಿಯಾಗಿದ್ದರೆ ಕಿವಿಯ ಗುರುತು ನೋಡಿ ಬೇರೆ ಮಾಡಬಹುದು. ನಮ್ಮದು ಆಗುವ ಹಾಗಿಲ್ಲ. ಅಣ್ಣ ತಮ್ಮ ಒಂದಾಗಿರಲಿ ಅಂತ ಮಾವನವರು ಇಬ್ಬರಿಗೂ ಒಂದೇ ಗುರುತು ಕೊಟ್ಟಿದ್ದರು. ಬಲಗಿವಿಯ ತುದಿ ಸೀಳು. ಭಾಗ ಆದ ಮೇಲೂ ಇಬ್ಬರೂ ಅದನ್ನು ಬದಲಾಯಿಸಿರಲಿಲ್ಲ.

ಇನ್ನು ಕರೆಯುವುದೊಂದೇ ದಾರಿ. ಯಾರು ಕರೆದರೆ ಅವರ ಕುರಿ ಅವರ ಹಿಂದೆ ಬರಬೇಕು.

ಇವರು ಬಾಯಿ ತೆರೆದರು. ಎದುರಿಗೆ ಅಣ್ಣ ನಿಂತಿದ್ದರು. ಸ್ತೋತ್ರ ಅನ್ನಲು ಆಗಲಿಲ್ಲ. ಬೇರೆ ಏನೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿದರು.

ಭಾವ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಗಂಟಲ ಒಳಗೇ, “ಟುರ್ರ್ ಬಾ... ಟುರ್ರ್ ಬಾ...” ಅಂತ ಕರೆದರು. ಅದು ಮಾವನವರ ಕರೆ. ಅಣ್ಣ ಕಲಿತಿದ್ದರು, ತಮ್ಮನಿಗೆ ಕಲಿಯುವ ತಾಳ್ಮೆ ಇರಲಿಲ್ಲ. ಭಾವನ ಕುರಿಗಳು ಹಿಂದೆ ಬಿದ್ದವು. ಅವುಗಳ ಹಿಂದೆ ನಮ್ಮವೂ ಹೋದವು. ಒಂದೂ ಉಳಿಯಲಿಲ್ಲ. ನಮ್ಮ ನಾಯಿಯೂ ಹೋಯಿತು.

ಏರಿಯ ಮೇಲೆ ನಾವಿಬ್ಬರೇ. ಇವರು ಬರೀ ಕೋಲು ಹಿಡಿದು ನಿಂತಿದ್ದರು. ಈಗ ಬರುತ್ತದೆ ನೋಡು ಅಂತ ನಾನು ಕಿವಿ ಮುಚ್ಚಿಕೊಳ್ಳಲು ತಯಾರಾದೆ. ಬರಲಿಲ್ಲ. ಇವರು ಕೋಲನ್ನು ನನ್ನ ಕೈಗೆ ಕೊಟ್ಟು, ಕುರಿಗಳ ಹಿಂದೆ ತಾವೂ ಕುರಿಯ ಹಾಗೆಯೇ ನಡೆದುಕೊಂಡು ಹೋದರು. ನಾನೂ ಹೋದೆ.

ಭಾವ ರೊಪ್ಪದ ಬಾಗಿಲಲ್ಲಿ ಕೂತಿದ್ದರು. “ಕುರಿ ಕೇಳಾಕ್ ಬಂದ್ಯೇನ್ಲಾ?” ಅಂದರು.

“ಇಲ್ಲ ಅಣ್ಣಯ್ಯ. ಅಪ್ಪ ಕರೀತಿದ್ದಂಗೆ ಕರೆಯೋದು ನಂಗೂ ಕಲ್ಸು.”

ಕೂದಲು ನೆರೆತ ಕುರಿಗಾರ, ಕುರಿ ಕರೆಯುವುದನ್ನು ಕಲಿಸು ಅನ್ನುತ್ತಿದ್ದಾನೆ.

“ಅವತ್ತು ನಾನಂದಿದ್ದು ತಪ್ಪು. ನಿನ್ನೂ ಅಂದೆ, ದೇವ್ರ ಹೆಸ್ರೂ ಕೆಡಿಸ್ದೆ. ತಪ್ಪು ನಂದೇ” ಅಂದರು ಇವರು.

ಅಲ್ಲಿಗೆ ನಿಲ್ಲಿಸಿದರು. ‘ಆದ್ರೆ’ ಬರುತ್ತದೆ ಅಂತ ನಾವೆಲ್ಲ ಕಾದೆವು. ಕರಿಯಕ್ಕ ಮೊರ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

“ಮುಗೀತಾ?” ಅಂತ ಅವಳೇ ಕೇಳಿದಳು.

“ಮುಗೀತು ಅತ್ಗೆ.”

“ಅಯ್ಯೋ ಶಿವ್ನೆ!” ಅಂದು ಮೊರ ಕೆಳಗಿಟ್ಟಳು. ಭಾವನಿಗೆ ನಗು ಬಂತು. ತಡೆದರು, ಆಗಲಿಲ್ಲ. “ನಾನೂ ಅಷ್ಟು ಜನದ ಮುಂದೆ ಅಣಕಿಸ್ಬಾರ್ದಾಗಿತ್ತು. ಬಾರ್ಲಾ, ಕುಂತ್ಕ” ಅಂದರು.

ಪಾಠ ಅವತ್ತೇ ಶುರುವಾಯಿತು. ಇವರು ಕರೆದರೆ ಎಂಜಲು ಸಿಡಿಯುತ್ತಿತ್ತು. “ನಾಲ್ಗೆ ಮಡ್ಸೋ. ಕುರಿ ಕರಿ ಅಂದ್ರೆ ಮಳೆ ಸುರಿಸ್ತಾನೆ” ಅಂತ ಭಾವ ಮುಖ ಒರೆಸಿಕೊಳ್ಳುತ್ತಿದ್ದರು. ಮೆಲ್ಲಗೆ ಕರೆಯಬೇಕಾದರೆ ಉಸಿರು ಕೆಳಗಿರಬೇಕು. ಉಸಿರು ಕೆಳಗಿರಬೇಕಾದರೆ ಸಿಟ್ಟು ಇರಬಾರದು. ಸಿಟ್ಟಲ್ಲಿ ಆ ಸದ್ದು ಬರುವುದೇ ಇಲ್ಲ. ಬೇಕಾದರೆ ನೀವೂ ಮಾಡಿ ನೋಡಿ. ಕುರಿಗಳಂತೂ ಬಹಳ ದಿನ ನಂಬಲಿಲ್ಲ. ಇದರ ಹಿಂದೆ ಏನೋ ಬರಲಿಕ್ಕಿದೆ ಅಂತ ದೂರದಲ್ಲೇ ನಿಂತು ನೋಡುತ್ತಿದ್ದವು.

ಆ ವರ್ಷವೇ ಮುಯ್ಯಾಳು ಮತ್ತೆ ಕೂಡಿತು. ಭಾವ ಕತ್ತರಿಗಳಿಗೆಲ್ಲ ಭಂಡಾರ ಹಚ್ಚಿದರು. ಒಂದನ್ನು ಮಾತ್ರ ಹಚ್ಚದೆ ಪಕ್ಕಕ್ಕಿಟ್ಟಿದ್ದರು. “ಇದು ನಿಂದು. ಇದಕ್ಕೇನೂ ಹಚ್ಚಿಲ್ಲ, ಹಿಡಿ” ಅಂತ ತಮ್ಮನ ಕೈಗೆ ಕೊಟ್ಟರು. ಮೊದಲ ಕುರಿ ಇವರೇ ಹಿಡಿದರು.

ಅದಾದ ಮೇಲೆ ಬಂದ ಕರ್ತನ ಭೋಜನದ ಭಾನುವಾರ ಭಾವನೂ ನಮ್ಮ ಜೊತೆ ಬಸ್ಸು ಹತ್ತಿದರು. ಶಿರಾದಲ್ಲಿ ಏನೋ ಕೆಲಸ ಅಂದರು. ಕೆಲಸ ಏನೂ ಇರಲಿಲ್ಲ. ಬೇವಿನ ಮರದ ಕೆಳಗೆ, ಇವರು ಕೂರುತ್ತಿದ್ದ ಜಾಗದಲ್ಲೇ ಕೂತರು. ಒಳಗೆ ತಟ್ಟೆ ಬಂತು, ಇವರು ಏಳಲಿಲ್ಲ. ಬಟ್ಟಲು ಬಂತು. ಹೆಗಲ ಮೇಲಿನ ವಲ್ಲಿಯ ತುದಿಯಿಂದ ಬಾಯನ್ನು ಚೆನ್ನಾಗಿ ಒರೆಸಿಕೊಂಡರು. ಕುಡಿದರು. ಜ್ಞಾನಪ್ಪನವರು ಮುಂದಕ್ಕೆ ಹೋಗದೆ ಒಂದು ಗಳಿಗೆ ಅಲ್ಲೇ ನಿಂತರು.

ಆಚೆ ಬಂದಾಗ ಭಾವ ಕೇಳಿದರು, “ಏನ್ ಕೊಟ್ರು?”

“ಒಂದ್ ಚೂರು ರೊಟ್ಟಿ, ಒಂದ್ ಗುಟುಕು ದ್ರಾಕ್ಷಿ ರಸ.”

“ಅಷ್ಟಕ್ಕಾ ಇಷ್ಟ್ ವರ್ಷ ಮರದಡಿ ಕುಂತಿದ್ದೆ?”

“ಅಷ್ಟಕ್ಕೇಯ.”

ಭಾವ ಪಂಚೆಯ ಮಣ್ಣು ಕೊಡವಿಕೊಂಡು, “ನಡಿ, ಇಡ್ಲಿ ತಿನ್ನಣ” ಅಂದರು.

ಅಲ್ಲಿಂದ ಇವರು ದೇವದೂತರಾದರು ಅಂತ ಬರೆದರೆ ಸುಳ್ಳಾಗುತ್ತದೆ. ಕುರಿಗೆ ಬೈಯಲಿಲ್ಲ. ಮನುಷ್ಯರಿಗೆ ಆಗಾಗ ಬೈದರು, ಹೊತ್ತು ಮುಳುಗುವ ಮೊದಲೇ ಹೋಗಿ ಕೈಮುಗಿದರು. ವರ್ಷ ಕಳೆದ ಹಾಗೆ ಓಡಾಟ ಕಡಿಮೆಯಾಯಿತು. ಅದೇ ನಾನು ಕಂಡ ಬದಲಾವಣೆ.

ಹೋದ ವರ್ಷ ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಒಬ್ಬ ಎಳೆಯ ನರ್ಸಮ್ಮ ಸೂಜಿ ಚುಚ್ಚಿದಳು. ನರ ಸಿಗಲಿಲ್ಲ. ಮತ್ತೆ ಚುಚ್ಚಿದಳು. ಇವರು, “ಸ್ತೋತ್ರ!” ಅಂತ ಕಿರುಚಿದರು. ಹಳೆಯ ದನಿ. ನನಗೆ ಕಡಲೆಕಾಯಿ ಹೊಲ ಕಣ್ಣಿಗೆ ಬಂತು. ನರ್ಸಮ್ಮ, “ಎಂಥ ಭಕ್ತಿ ಅಜ್ಜನಿಗೆ, ಇಷ್ಟು ನೋವಲ್ಲೂ ದೇವರನ್ನ ನೆನೀತಾರೆ” ಅಂದಳು.

ಅವಳು ಹೋದ ಮೇಲೆ ಇವರಿಗೆ ಸಮಾಧಾನವಿಲ್ಲ. ಕಿಟಕಿ ಕಡೆ ನೋಡಿದರು. ಹೊತ್ತು ಇಳಿಯುತ್ತಿತ್ತು. “ಆ ಮಗೀನ ಕರಿ” ಅಂದರು. ಕರೆದುಕೊಂಡು ಬಂದೆ. ಕೈಮುಗಿದು, “ತಪ್ಪಾಯ್ತು ಕಣವ್ವ” ಅಂದರು.

“ಯಾಕಜ್ಜ? ದೇವರ ಹೆಸರು ತಾನೆ ಹೇಳಿದ್ದು?”

“ಬಾಯಲ್ಲಿ ದೇವ್ರ ಹೆಸ್ರು ಕಣವ್ವ. ಒಳಗೆ ಬ್ಯಾರೆ ಇತ್ತು.”

ಅವಳಿಗೆ ಅರ್ಥವಾಗಲಿಲ್ಲ. ಆಯ್ತು ಅಜ್ಜ ಅಂದು ಕೈ ಸವರಿ ಹೋದಳು. ಇವರು ನನ್ನನ್ನು ನೋಡಿ ನಕ್ಕರು. ಎರಡು ದಿನಕ್ಕೆ ತೀರಿಕೊಂಡರು.

ಈಗ ಎರಡು ಮಂದೆಯನ್ನೂ ಭಾವನೇ ನೋಡಿಕೊಳ್ಳುತ್ತಾರೆ. ರೊಪ್ಪ ಮತ್ತೆ ಒಂದಾಗಿದೆ. ಸಂಜೆ ಏರಿಯ ಮೇಲಿಂದ ಟುರ್ರ್ ಬಾ ಅಂತ ಕೇಳಿಸುತ್ತದೆ. ಕಲಿಸಿದವರು ಅವರೇ ಆದದ್ದರಿಂದ ಅಣ್ಣ ತಮ್ಮ ಇಬ್ಬರ ಕರೆಯೂ ಒಂದೇ ಥರ. ನಾನು ಎದ್ದು ಮುದ್ದೆಗೆ ಎಸರಿಡುತ್ತೇನೆ. ಇಟ್ಟ ಮೇಲೆ, ಕರೆದದ್ದು ಇವರಲ್ಲ ಅಂತ ನೆನಪಾಗುತ್ತದೆ.

ಇಟ್ಟ ಎಸರನ್ನು ಇಳಿಸುವುದೇಕೆ? ಹಿಟ್ಟು ಹಾಕಿ ತೊಳಸುತ್ತೇನೆ. ಭಾವ ಬಂದು ಉಣ್ಣುತ್ತಾರೆ. ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೆ ಅವರು ಏನೂ ಅನ್ನುವುದಿಲ್ಲ. ಅದೊಂದು ನನಗೆ ಕಷ್ಟ.